ಹದಿನಾರರ ಮಗ ಶಾಲೆ ಬೇಡ ಅಂದಾಗ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೊಸದಾಗಿ ಬಂದ ತಂಗಿಗೆ

ತಂಗಿ, ನಿಮ್ಮ ಪತ್ರ ಓದಿದೆ. ದಾವಣಗೆರೆಯಲ್ಲಿ ಒಂಬತ್ತನೇ ಕ್ಲಾಸು ಮುಗಿಸಿ ಬಂದ ಮಗ ಇಲ್ಲಿ ಹತ್ತನೇದರಲ್ಲಿ ಮೂರು ವಿಷಯಕ್ಕೆ ವರ್ಷಪೂರ್ತಿ ಎಫ್ ತಂದಿದ್ದಾನೆ, ಈಗ ಹನ್ನೊಂದರಲ್ಲಿ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಯಜಮಾನರು ಊರಿಗೆ ಕಳಿಸಿ ಹಾಸ್ಟೆಲಿಗೆ ಹಾಕೋಣ ಅನ್ನುತ್ತಾರೆ. ಕನ್ನಡ ಕೂಟದಲ್ಲಿ ಯಾರೋ ಜಿಇಡಿ (ಹೈಸ್ಕೂಲು ಮುಗಿಸದವರು ಅದಕ್ಕೆ ಸಮವಾದ ಪ್ರಮಾಣ ಪತ್ರಕ್ಕೆ ಬರೆಯುವ ಪರೀಕ್ಷೆ) ಬರೆಸಿಬಿಡಿ ಅಂದರು. ಯಾವುದು ಸರಿ ಅಂತ ಕೇಳಿದ್ದೀರಿ, ಜೊತೆಗೆ ವೀಸಾ, ಮನೆ ಬದಲಿಸುವ ವಿಷಯ ಬೇರೆ. ನಾನು ಬಂದ ಕಾಲದಲ್ಲಿ ಶಾಲೆಯ ಆಫೀಸಿಗೆ ಹೋಗಿ ಏನು ಕೇಳಬೇಕು ಅಂತ ಹೇಳಿಕೊಡುವವರು ನಮ್ಮವರಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ, ಪಿಯುಸಿಯ ಹಾಗೆ ಒಂದೇ ಪರೀಕ್ಷೆಯ ಮೇಲೆ ಎಲ್ಲ ನಿಂತಿರುವ ಪದ್ಧತಿ ಇಲ್ಲಿಲ್ಲ. ಇಲ್ಲಿಯದು ಕಿರಾಣಿ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ. ಒಂದು ವಿಷಯ ಒಂದು ಸೆಮಿಸ್ಟರ್ ಪಾಸಾದರೆ 5 ಕ್ರೆಡಿಟ್. ದಿನಕ್ಕೆ ಆರು ಪೀರಿಯಡ್ ಇರುವ ಶಾಲೆಯಲ್ಲಿ ವರ್ಷಕ್ಕೆ 60. ಡಿಪ್ಲೊಮಾಗೆ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣ ಪತ್ರಕ್ಕೆ, ಅನೇಕ ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಗಳು) 220ರ ಆಸುಪಾಸು ಕೇಳುತ್ತವೆ. ಎಫ್ ಬಂದರೆ ಸೊನ್ನೆ. ಡಿ ಬಂದರೆ ಕ್ರೆಡಿಟ್ ಸಿಗುತ್ತದೆ, ಆದರೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಕ್ಯಾಲ್ ಸ್ಟೇಟ್ ಎಂಬ ರಾಜ್ಯದ ವಿಶ್ವವಿದ್ಯಾಲಯಗಳಿಗೆ ನೇರವಾಗಿ ಸೇರಲು ಆ ವಿಷಯ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಸಿ ಬೇಕು.

ನಿಮ್ಮ ಮಗನ ಲೆಕ್ಕ ಹಾಕಿ ನೋಡಿ. ಒಂಬತ್ತನೇದಕ್ಕೆ ಪೂರ್ತಿ 60 ಸಿಕ್ಕಿದ್ದರೆ, ಹತ್ತರಲ್ಲಿ 30 ಹೋಗಿ 30 ಉಳಿದಿದೆ, ಒಟ್ಟು 90. ಇನ್ನು 130 ಬೇಕು, ಎರಡು ವರ್ಷಕ್ಕೆ 120 ಬರುತ್ತದೆ. ಕೊರತೆ ಬರೀ 10, ಒಂದು ಬೇಸಿಗೆಯ ಸಮ್ಮರ್ ಸ್ಕೂಲಿನ ಕೆಲಸ. ಒಂಬತ್ತನೇದು ದಾಖಲೇ ಆಗಿಲ್ಲದಿದ್ದರೆ? ಆಗ ಅವನ ಕೈಯಲ್ಲಿರುವುದು 30, ಕೊರತೆ 70. ಅದೇ ಹುಡುಗ, ಅದೇ ಓದು, ಆದರೆ ಕೌನ್ಸೆಲರ್ ಕಣ್ಣಿಗೆ ಕೈಬಿಟ್ಟುಹೋದ ಕೇಸು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಮೆರಿಕದಲ್ಲಿ ಹೈಸ್ಕೂಲು ಸಾಮಾನ್ಯವಾಗಿ ಒಂಬತ್ತರಿಂದ ಶುರು, ನಮ್ಮಲ್ಲಿ ಒಂಬತ್ತನೇದಕ್ಕೆ ಅಷ್ಟು ಬೆಲೆ ಇಲ್ಲ. ಹಾಗಾಗಿ ಬರುವಾಗ ಟಿ.ಸಿ. ತರುತ್ತೇವೆ, ಒಂಬತ್ತರ ಮಾರ್ಕ್ಸ್ ಕಾರ್ಡ್ ಬೀರುವಿನಲ್ಲೇ ಬಿಟ್ಟು ಬರುತ್ತೇವೆ. ಟ್ರಾನ್‌ಸ್ಕ್ರಿಪ್ಟ್ (ಶಾಲೆಯ ಅಂಕದಾಖಲೆ) ತೆಗೆಸಿ ನೋಡಿ: ಒಂಬತ್ತನೇ ಗ್ರೇಡಿನ ಜಾಗ ಖಾಲಿ ಇದ್ದರೆ ಊರಿನ ಶಾಲೆಯಿಂದ ಮುಖ್ಯೋಪಾಧ್ಯಾಯರ ಸಹಿ, ಸೀಲು ಇರುವ ಅಂಕಪಟ್ಟಿ ಮತ್ತು ವ್ಯಾಸಂಗ ಪ್ರಮಾಣ ಪತ್ರ ತರಿಸಿ. ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವೂ ಜೊತೆಗಿರಲಿ. ಯಾವ ವಿಷಯಕ್ಕೆ ಎಷ್ಟು ಕೊಡಬೇಕು ಅನ್ನುವುದು ಅವರ ತೀರ್ಮಾನ. ಆದರೆ ದೈಹಿಕ ಶಿಕ್ಷಣಕ್ಕೂ ಕ್ರೆಡಿಟ್ ಕೇಳಿ, ರಾಜ್ಯದ ನಿಯಮದಂತೆ ಡಿಪ್ಲೊಮಾಗೆ ಎರಡು ವರ್ಷದ ಪಿಇ ಬೇಕು. ಕನ್ನಡಕ್ಕೆ ವಿದೇಶಿ ಭಾಷೆಯ ಕ್ರೆಡಿಟ್ ಕೊಡುತ್ತೀರಾ ಅಂತಲೂ ಕೇಳಿ. ಇಂಗ್ಲಿಷ್ ಮೂರು ವರ್ಷ, ಅಮೆರಿಕದ ಇತಿಹಾಸ, ಇಲ್ಲಿನ ಸರ್ಕಾರ ವ್ಯವಸ್ಥೆ ಇವಕ್ಕೆ ಮಾತ್ರ ಅಡ್ಡದಾರಿ ಇಲ್ಲ. ಎಫ್ ಬಂದಿರುವುದು ಇಂಥ ಕಡ್ಡಾಯ ವಿಷಯದಲ್ಲಾದರೆ ಅದನ್ನೇ ಮತ್ತೆ ಪಾಸು ಮಾಡಬೇಕು, ಬೇರೆ ಯಾವುದೋ ಕ್ರೆಡಿಟ್ ತುಂಬಿದರೆ ಆಗದು.

ಎರಡನೆಯದು, ಅವನು ಏಕೆ ಏಳುತ್ತಿಲ್ಲ ಅನ್ನುವುದು. ಸೋಮಾರಿತನ ಅಂತ ನೀವೇ ತೀರ್ಪು ಕೊಡಬೇಡಿ. ಓದಿನ ತೊಂದರೆ, ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ), ಖಿನ್ನತೆ ಇವುಗಳಲ್ಲಿ ಯಾವುದಾದರೂ ಇರಬಹುದು ಅನ್ನಿಸಿದರೆ ವಿಶೇಷ ಶಿಕ್ಷಣದ ಮೌಲ್ಯಮಾಪನ ಮಾಡಿ ಅಂತ ಶಾಲೆಗೆ ಬರವಣಿಗೆಯಲ್ಲಿ ಕೊಡಿ. ಎರಡು ಸಾಲು ಸಾಕು: ಮಗನ ಹೆಸರು, ಹುಟ್ಟಿದ ದಿನ, "ಐಇಪಿ ಅರ್ಹತೆಗಾಗಿ ಎಲ್ಲ ಅನುಮಾನಿತ ತೊಂದರೆಗಳ ಮೌಲ್ಯಮಾಪನ ಕೋರುತ್ತೇನೆ, 504 ಯೋಜನೆಗೂ ಪರಿಶೀಲಿಸಿ" ಎಂಬ ಮಾತು, ತಾರೀಖು, ಸಹಿ. ಐಇಪಿ ಅಂದರೆ ವಿಶೇಷ ಶಿಕ್ಷಣದ ಮಗುವಿಗೆ ಶಾಲೆ ಬರೆದುಕೊಡುವ ಪ್ರತ್ಯೇಕ ಕಲಿಕಾ ಯೋಜನೆ, 504 ಅಂದರೆ ತೊಂದರೆ ಇರುವ ಮಗುವಿಗೆ ಮಾಮೂಲಿ ಕ್ಲಾಸಿನಲ್ಲೇ ಕೊಡುವ ಅನುಕೂಲಗಳ ಯೋಜನೆ. ಪ್ರಿನ್ಸಿಪಾಲರಿಗೂ ಡಿಸ್ಟ್ರಿಕ್ಟಿನ ವಿಶೇಷ ಶಿಕ್ಷಣ ಕಚೇರಿಗೂ ಇಮೇಲ್ ಮಾಡಿ. ಆ ದಿನದಿಂದ 15 ದಿನದೊಳಗೆ ಅವರು ಮೌಲ್ಯಮಾಪನದ ಯೋಜನೆ ಕಳಿಸಬೇಕು. ನೀವು ಸಹಿ ಹಾಕಿ ಕೊಟ್ಟ ಮೇಲೆ 60 ದಿನದೊಳಗೆ ಸಭೆ ಕರೆಯಬೇಕು. ಬೇಸಿಗೆಯಂಥ ದೀರ್ಘ ರಜೆ ಈ ಎಣಿಕೆಯಲ್ಲಿ ಸೇರದು, ಆದ್ದರಿಂದ ಮೇ ತಿಂಗಳಿಗೆ ಮುಂದೂಡಬೇಡಿ.

ನಮ್ಮವರು ಎಡವುವುದು ಇಲ್ಲೇ. ಮೇಷ್ಟ್ರಿಗೆ ಎದುರು ಬರೆದಂತಾಗುತ್ತದೆ ಅಂತ ಸಂಕೋಚ, ನಯವಾಗಿ ಫೋನಿನಲ್ಲಿ ಮಾತಾಡುತ್ತಾರೆ. ಫೋನಿನ ಮಾತಿಗೆ ಗಡಿಯಾರ ಓಡುವುದಿಲ್ಲ. "ಮೊದಲು ಎಸ್‌ಎಸ್‌ಟಿ ಸಭೆ ಮಾಡೋಣ" (ಮಗುವಿಗೆ ಏನು ನೆರವು ಬೇಕು ಅಂತ ಮೇಷ್ಟ್ರು, ಪೋಷಕರು ಕೂತು ಮಾತಾಡುವ ಸಭೆ), "ಇಂಗ್ಲಿಷ್ ಪಳಗಲಿ, ಆಮೇಲೆ ನೋಡೋಣ" ಅಂತ ಶಾಲೆಯವರು ಅನ್ನುತ್ತಾರೆ, ನಮ್ಮವರು ತಲೆಯಾಡಿಸಿ ಬರುತ್ತಾರೆ, ಒಂದು ಸೆಮಿಸ್ಟರ್ ಹೋಗುತ್ತದೆ. ಎಸ್‌ಎಸ್‌ಟಿ ಸಭೆ ಆಗಲಿ ಬಿಡಿ, ಆದರೆ ನಿಮ್ಮ ಲಿಖಿತ ಅರ್ಜಿ ಅದಕ್ಕಾಗಿ ಕಾಯಬೇಕಿಲ್ಲ. ಮಾನಸಿಕ ಆರೋಗ್ಯದ ಕಾರಣಕ್ಕೆ ಶಾಲೆ ತಪ್ಪಿದರೆ ಅದು ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಸಕಾರಣ ಗೈರುಹಾಜರಿ. ಗೈರಾದ ದಿನವೇ ಆಫೀಸಿಗೆ ತಿಳಿಸಿ. ಕಾರಣ ಕೊಡದೆ ಮೂರು ದಿನ ತಪ್ಪಿದರೂ ಮನೆಗೆ ಟ್ರೂಯೆನ್ಸಿ (ಕಾರಣವಿಲ್ಲದ ಗೈರಿನ) ಪತ್ರ ಬರುತ್ತದೆ. ಬಂದರೆ ಗಾಬರಿ ಬೇಡ, ಸುಮ್ಮನೆ ಕೂರುವುದೂ ಬೇಡ.

ಈಗ ಬೇರೆ ದಾರಿಗಳು. ಜಿಇಡಿ ಅಂದವರಿಗೆ ನಮ್ಮ ರಾಜ್ಯದ ನಿಯಮ ಗೊತ್ತಿಲ್ಲ, ಕೆಲವು ವಿನಾಯಿತಿ ಬಿಟ್ಟರೆ ಇಲ್ಲಿ ಅದಕ್ಕೆ 18 ತುಂಬಿರಬೇಕು. ನಾಲ್ಕು ವಿಷಯ, ಪ್ರತಿಯೊಂದರಲ್ಲೂ 145 ಬೇಕು, ಒಂದೊಂದಾಗಿ ಬರೆಯಬಹುದು. ಹದಿನಾರರ ಹುಡುಗನಿಗೆ ಇರುವುದು ಕ್ಯಾಲಿಫೋರ್ನಿಯಾ ಪ್ರೊಫಿಷಿಯನ್ಸಿ ಪ್ರೋಗ್ರಾಂ. ಹಳಬರು ಹೇಳುವ ಚೆಸ್ಪಿ ಪರೀಕ್ಷೆ 2023ರಲ್ಲಿ ನಿಂತು ಇದು ಬಂತು. ಇಂಗ್ಲಿಷ್ ಮತ್ತು ಗಣಿತ, ಅಷ್ಟೆ. ಪಾಸಾದರೆ ಸಿಗುವ ಪ್ರಮಾಣ ಪತ್ರ ರಾಜ್ಯದ ಕಾನೂನಿನಲ್ಲಿ ಡಿಪ್ಲೊಮಾಗೆ ಸಮ. ಹಾಗಂತ ಪಾಸಾದ ಮರುದಿನ ಮನೆಯಲ್ಲಿ ಕೂರುವಂತಿಲ್ಲ, 18ರ ಒಳಗೆ ಶಾಲೆ ಬಿಡಲು ನಿಮ್ಮ ಲಿಖಿತ ಒಪ್ಪಿಗೆ ಬೇಕು. ಬೇರೆ ರಾಜ್ಯದ ಕಾಲೇಜುಗಳು ಇದನ್ನು ಒಪ್ಪಲೇಬೇಕೆಂದಿಲ್ಲ. ಐಇಪಿ ಆಗಿದ್ದರೆ ಒಂದು ಸಮಾಧಾನ: ಈ ಪ್ರಮಾಣ ಪತ್ರವಾಗಲಿ ಜಿಇಡಿಯಾಗಲಿ ತೆಗೆದುಕೊಂಡರೆ ವಿಶೇಷ ಶಿಕ್ಷಣದ ಹಕ್ಕು ಹೋಗುವುದಿಲ್ಲ, ಮಾಮೂಲಿ ಡಿಪ್ಲೊಮಾ ಬಂದರೆ ಮುಗಿಯುತ್ತದೆ.

ಕಂಟಿನ್ಯುಯೇಶನ್ ಹೈಸ್ಕೂಲನ್ನು ನಮ್ಮವರು ಪೋಲಿ ಹುಡುಗರ ಶಾಲೆ ಅಂತ ಮೂಗು ಮುರಿಯುತ್ತಾರೆ. ನನ್ನ ಕೇಳಿದರೆ 16 ದಾಟಿ ಕ್ರೆಡಿಟ್ ಹಿಂದೆ ಬಿದ್ದವನಿಗೆ ಮೊದಲು ನೋಡಬೇಕಾದ ಜಾಗ ಅದೇ. ವಾರಕ್ಕೆ ಕನಿಷ್ಠ 15 ಗಂಟೆ, ಚಿಕ್ಕ ಕ್ಲಾಸು, ಮಾಡಿದಷ್ಟು ಕೆಲಸಕ್ಕೆ ಆಗಾಗ ಕ್ರೆಡಿಟ್, ಕೊನೆಗೆ ಸಿಗುವುದು ಅಸಲಿ ಡಿಪ್ಲೊಮಾ. ಯುಸಿಗೆ ನೇರ ಸೇರಲು ಬೇಕಾದ ಎಲ್ಲ ವಿಷಯ ಅಲ್ಲಿ ಇರುವುದು ಅಪರೂಪ. ಇಂಡಿಪೆಂಡೆಂಟ್ ಸ್ಟಡಿಯೂ ಇದೆ, ಲಿಖಿತ ಒಪ್ಪಂದ ಮಾಡಿಕೊಂಡು ಮನೆಯಲ್ಲಿ ಓದುವುದು. ರೂಮಿನ ಬಾಗಿಲು ಹಾಕಿಕೊಂಡು ಕೂರುವ ಹುಡುಗನಿಗೆ ಅದು ಬೇಡ.

ಕಮ್ಯುನಿಟಿ ಕಾಲೇಜನ್ನು (ಎರಡು ವರ್ಷದ ಸರ್ಕಾರಿ ಕಾಲೇಜು) ಮರೆಯಬೇಡಿ. ಹೈಸ್ಕೂಲಿನಲ್ಲಿರುವಾಗಲೇ ಶಾಲೆಯ ಶಿಫಾರಸು, ನಿಮ್ಮ ಸಹಿ ಇದ್ದರೆ ಒಂದು ಕೋರ್ಸು ಸೇರಬಹುದು. ಮೂರು ಯೂನಿಟ್ಟಿನ ಒಂದು ಸೆಮಿಸ್ಟರ್ ಕೋರ್ಸಿಗೆ ಅನೇಕ ಡಿಸ್ಟ್ರಿಕ್ಟ್‌ಗಳು 10 ಹೈಸ್ಕೂಲ್ ಕ್ರೆಡಿಟ್ ಕೊಡುತ್ತವೆ. ಅಂದರೆ ನಿಮ್ಮ ಆ 10ರ ಕೊರತೆ ಒಂದೇ ಕೋರ್ಸಿನಲ್ಲಿ ತುಂಬಬಹುದು, ಕೌನ್ಸೆಲರಿಂದ ಮೊದಲೇ ಬರೆಸಿಕೊಳ್ಳಿ. ಎಚ್ಚರ: ಅಲ್ಲಿ ಎಫ್ ಬಂದರೆ ಅದು ಕಾಲೇಜಿನ ದಾಖಲೆ, ಮುಂದೆ ವರ್ಗಾವಣೆಯ ಅರ್ಜಿಯಲ್ಲೂ ಕಾಣುತ್ತದೆ. ಸಾಗುತ್ತಿಲ್ಲ ಅನ್ನಿಸಿದರೆ ಡ್ರಾಪ್ ಮಾಡುವ ಕಡೆಯ ದಿನದೊಳಗೆ ಬಿಡಿಸಿ. ಮುಂದೆ ಪೂರ್ಣಾವಧಿ ಸೇರಿದರೆ ಇಲ್ಲಿನ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್. ಒಂದು ವರ್ಷ ಒಂದು ದಿನ ಇಲ್ಲಿ ವಾಸ ಆಗಿರಬೇಕು, ಎಚ್-4 (ಎಚ್-1ಬಿ ಉದ್ಯೋಗಿಯ ಹೆಂಡತಿ/ಗಂಡ, ಮಕ್ಕಳ ವೀಸಾ) ಅದಕ್ಕೆ ಅಡ್ಡಿಯಲ್ಲ. ಅಲ್ಲಿ 60 ಸೆಮಿಸ್ಟರ್ ಯೂನಿಟ್ ಚೆನ್ನಾಗಿ ಮುಗಿಸಿದವನು ಯುಸಿಯ ಮೂರನೇ ವರ್ಷಕ್ಕೆ ಅರ್ಜಿ ಹಾಕಬಹುದು. ಡೇವಿಸ್, ಅರ್ವೈನ್ ಸೇರಿ ಆರು ಕ್ಯಾಂಪಸ್ಸುಗಳು ಷರತ್ತು ಪೂರೈಸಿದವರಿಗೆ ಸೀಟಿನ ಖಾತ್ರಿಯನ್ನೇ ಕೊಡುತ್ತವೆ. ಹೈಸ್ಕೂಲಿನ ಎಫ್ ಅಲ್ಲಿ ಯಾರೂ ಕೆದಕುವುದಿಲ್ಲ. ಊರಲ್ಲಿ ನಮಗೆ ಇಂಥದ್ದೊಂದು ಬಾಗಿಲು ಇರಲಿಲ್ಲ ನೋಡಿ.

ಊರಿಗೆ ಕಳಿಸುವ ಮಾತಿಗೆ ಯಜಮಾನರಿಗೆ ಇಷ್ಟು ಹೇಳಿ: ಇಲ್ಲಿನ ಹತ್ತನೇದಕ್ಕೆ ಬೋರ್ಡ್ ಪರೀಕ್ಷೆ ಇಲ್ಲ, ಪಿಯುಗೆ ಸೇರಿಸಲು ಅರ್ಹತಾ ಪತ್ರ ಮಾಡಿಸಬೇಕು, ಮೂರು ಎಫ್ ಇರುವ ಟ್ರಾನ್‌ಸ್ಕ್ರಿಪ್ಟ್ ಹಿಡಿದು ಅದು ಸುಲಭವಲ್ಲ. ಅಜ್ಜಿ ಮನೆಯ ಊಟ ಅವನಿಗೆ ಒಳ್ಳೆಯದೇ, ಬೇಸಿಗೆ ರಜೆಯಲ್ಲಿ ಕಳಿಸಿ. ಮುಂದೆ ಭಾರತದಲ್ಲೇ ಡಿಗ್ರಿ ಮಾಡಿಸುವ ಯೋಚನೆ ಇದ್ದರೆ ಪ್ರೊಫಿಷಿಯನ್ಸಿ, ಜಿಇಡಿ ಬೇಡ, ಪೂರ್ತಿ ಡಿಪ್ಲೊಮಾ ಹಿಡಿಯಿರಿ. ಒಂದು ವಾರದಲ್ಲಿ ಡಿಪ್ಲೊಮಾ ಅನ್ನುವ ಆನ್‌ಲೈನ್ ಜಾಹೀರಾತು ಮೋಸ, ಮಾನ್ಯತೆ ಇರುವ ಶಾಲೆಯೋ ಅಂತ ಶಾಲೆಗಳಿಗೆ ಮಾನ್ಯತೆ ಕೊಡುವ ವಾಸ್ಕ್ ಸಂಸ್ಥೆಯ ಪಟ್ಟಿಯಲ್ಲಿ ನೋಡಿ.

ವೀಸಾ ಬಗ್ಗೆ ಚಿಕ್ಕದಾಗಿ: ಎಚ್-4 ಮಗುವಿನ ಸ್ಟೇಟಸ್ ಶಾಲೆಯ ಮೇಲೆ ನಿಂತಿಲ್ಲ, 21ಕ್ಕೆ ಮುಗಿಯುತ್ತದೆ. ಅವನು ಸಂಬಳಕ್ಕೆ ದುಡಿಯುವಂತಿಲ್ಲ, ಆದ್ದರಿಂದ ಎಲೆಕ್ಟ್ರೀಷಿಯನ್, ಪ್ಲಂಬರ್ ಅಪ್ರೆಂಟಿಸ್ ದಾರಿ ಗ್ರೀನ್ ಕಾರ್ಡ್ ಅಥವಾ ಕೆಲಸದ ಪರವಾನಗಿ ಬರುವವರೆಗೆ ಮುಚ್ಚಿದೆ. ಉಳಿದದ್ದು ವಕೀಲರನ್ನು ಕೇಳಿ.

ಮನೆ ಈಗಲೇ ಬದಲಿಸಬೇಡಿ. ಡಿಸ್ಟ್ರಿಕ್ಟ್ ಬದಲಾದರೆ 220ರ ಲೆಕ್ಕವೂ ಬದಲಾಗಬಹುದು, ಕೆಲವು ಕಡೆ 230, 240 ಕೇಳುತ್ತಾರೆ. ಲೀಸ್ ಮುಗಿಯುವುದು ಸೆಮಿಸ್ಟರ್ ನಡುವೆಯಾದರೆ ತಿಂಗಳ ಬಾಡಿಗೆ ಹೆಚ್ಚು ಕೊಟ್ಟಾದರೂ ಜೂನ್‌ವರೆಗೆ ಅಲ್ಲೇ ಇರಿ. ಮುಂದಿನ ಜಾಗದಲ್ಲಿ ಅವನ ಹೆಸರು ದಾಖಲಾಗುವವರೆಗೆ ಈಗಿನ ಶಾಲೆಯಿಂದ ಹೆಸರು ತೆಗೆಸುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ.