ಬೀದರ್‌ಗೆ ಒಂದು ದಿನ ಸಾಕಾ ಅಂತ ಕೇಳಿದ್ದಕ್ಕೆ

ಸಾಕು, ಆದರೆ ಎಲ್ಲವನ್ನೂ ನೋಡುವ ಆಸೆ ಬಿಡಬೇಕು. ಬೆಂಗಳೂರಿನಿಂದ ಬರುವವರು ಕೋಟೆ, ಗುರುದ್ವಾರ, ಝರಣಿ ನರಸಿಂಹ, ಬಸವಕಲ್ಯಾಣ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿಕೊಂಡು ಬರುತ್ತಾರೆ, ಸಂಜೆ ಹೊತ್ತಿಗೆ ಕಾರಲ್ಲಿ ಕೂತಿದ್ದೇ ಜಾಸ್ತಿ ಆಗಿರುತ್ತದೆ. ಬಸವಕಲ್ಯಾಣ ಇಲ್ಲಿಂದ ಸುಮಾರು 80 ಕಿ.ಮೀ. ಅದಕ್ಕೆ ಬೇರೆ ದಿನ ಇಡಿ. ಬೆಳಿಗ್ಗೆ ಕೋಟೆ ಮತ್ತು ಹಳೇ ಊರು, ಊಟ ಆದಮೇಲೆ ಅಷ್ಟೂರು, ಸಂಜೆ ವಿಲಾಸಪುರದ ಕಡೆ. ಇಷ್ಟೇ ಮಾಡಿ.

ಮೊದಲು ಭಾಷೆಯ ವಿಷಯ ಮುಗಿಸಿಬಿಡುತ್ತೇನೆ. "ಅಲ್ಲಿ ಕನ್ನಡ ನಡೆಯುತ್ತಾ?" ಅಂತ ಕೇಳದವರೇ ಇಲ್ಲ. ನಡೆಯುತ್ತದೆ. ಅಂಗಡಿಯವರು ದಖನಿ ಉರ್ದುವಿನಲ್ಲಿ ಮಾತು ಶುರು ಮಾಡಿದರೆ ಬೇಜಾರಾಗಬೇಡಿ, ನೀವು ಕನ್ನಡದಲ್ಲಿ ಉತ್ತರ ಕೊಡಿ, ಅವರೂ ಕನ್ನಡಕ್ಕೆ ಬರುತ್ತಾರೆ. ಔರಾದ್ ಕಡೆ ಹೋದರೆ ಮರಾಠಿ, ಜಹೀರಾಬಾದ್ ದಾರಿಯಲ್ಲಿ ತೆಲುಗು. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಆ ವರ್ಷ ನವೆಂಬರ್ 1ಕ್ಕೆ ಹಳೇ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ ಕಡೆಯವರು ಈಗ ಮಹಾರಾಷ್ಟ್ರದವರು, ಜಹೀರಾಬಾದ್, ನಾರಾಯಣಖೇಡ್ ಕಡೆಯವರು ತೆಲಂಗಾಣದವರು. ಗೆರೆ ಬಿತ್ತು ನಿಜ, ಹೆಣ್ಣು ಕೊಡುವುದು ತರುವುದು ನಿಲ್ಲಲಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ ಅತ್ತೆ ಕನ್ನಡ, ಸೊಸೆ ಮರಾಠಿ ಇದ್ದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಿಜಾಮರ ಕಾಲದ ಹೊಲದ ಕಾಗದ ಉರ್ದುವಿನಲ್ಲಿರುತ್ತದೆ, ಅದನ್ನು ಓದಿಸೋಕೆ ಹಳಬರನ್ನು ಹುಡುಕಬೇಕು.

ಈಗ ಕೋಟೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಎತ್ತರದ ಜಾಗ, ಕೆಂಪು ಜಂಬಿಟ್ಟಿಗೆ ಕಲ್ಲು, ಕಲಬುರಗಿಗಿಂತ ತಂಪು. ಕಂದಕವನ್ನು ನಿಂತು ನೋಡಿ. ಕೆಲವು ಕಡೆ ಅದು ಮೂರು ಸಾಲು, ಬಂಡೆಯನ್ನೇ ಕೊರೆದದ್ದು. ಒಳಗೆ ರಂಗೀನ್ ಮಹಲ್ ಬಿಡಬೇಡಿ. ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಅಲ್ಲಿದೆ. ಬಾಗಿಲಿಗೆ ಬೀಗ ಇರುವುದೇ ಜಾಸ್ತಿ, ಬೀಗ ನೋಡಿ ವಾಪಸ್ ಹೋಗಬೇಡಿ, ಅಲ್ಲೇ ಇರುವ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ.

ಕೋಟೆಯಿಂದ ಹಳೇ ಊರಿನ ನಡುವೆ ಇರುವ ಚೌಬಾರಾ ಗೋಪುರದ ಕಡೆ ನಡೆದುಕೊಂಡೇ ಬನ್ನಿ, ದಾರಿಯಲ್ಲಿ ಮಹಮೂದ್ ಗವಾನ್ ಮದರಸಾ ಸಿಗುತ್ತದೆ. 1472ರ ಕಟ್ಟಡ. ಗವಾನ್ ಇರಾನಿನ ಗೀಲಾನ್‌ನಿಂದ ಬಂದ ವ್ಯಾಪಾರಿ, ಇಲ್ಲಿ ವಜೀರನಾದ, ಕೊನೆಗೆ 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನ ಅವನ ತಲೆ ತೆಗೆಸಿದ. ಮುಂಭಾಗದಲ್ಲಿ ಉಳಿದಿರುವ ನೀಲಿ ಹಸಿರು ಟೈಲ್ಸ್ ನೋಡಿದರೆ ಮೊದಲು ಪೂರ್ತಿ ಕಟ್ಟಡ ಹೇಗಿತ್ತೋ ಅನಿಸುತ್ತದೆ.

ಬಿದರಿ ಸಾಮಾನಿನ ಅಂಗಡಿಗಳೂ ಈ ಹಳೇ ಊರಲ್ಲೇ. ಸುಮ್ನೆ ರೇಟು ಕೇಳಿ ಬರಬೇಡಿ, ಕೆಲಸ ಮಾಡುವುದನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಚಿತ್ತಾರ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಯಾವುದಾದರೂ ಆಗುವುದಿಲ್ಲ, ಮಳೆ ಬಿಸಿಲು ತಾಗದ ಹಳೇ ಜಾಗದ್ದೇ ಬೇಕು, ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುವವರಿದ್ದಾರೆ. ಇಲ್ಲಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತುಂಬಾ ಕಡಿಮೆ ರೇಟಿಗೆ ಹೂದಾನಿ ಸಿಕ್ಕರೆ ಬೆಳ್ಳಿ ಎಷ್ಟಿದೆ ಅಂತ ಕೇಳಿ.

ಊಟಕ್ಕೆ ಖಾನಾವಳಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಖಾರ ಆಗದವರು ಮೊದಲೇ ಮೊಸರು ಹೇಳಿಬಿಡಿ.

ಅಷ್ಟೂರಿಗೆ ಬಿಸಿಲು ಇರುವಾಗಲೇ ಹೋಗಬೇಕು. ಬಹಮನಿ ಸುಲ್ತಾನರ ಗುಮ್ಮಟಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ಒಂದು ಅರ್ಧ ಬಿದ್ದಿದೆ, ಸಿಡಿಲು ಬಡಿದದ್ದು ಅಂತಾರೆ. ಅದು ಹುಮಾಯೂನ್ ಶಾನದ್ದು, ಬಲು ಕ್ರೂರಿ ಅಂತ ಹೆಸರಾದವನು, ಹಾಗಾಗಿ ಊರವರಿಗೆ ಸಿಡಿಲು ಬಡಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ! ಅಹ್ಮದ್ ಶಾ ಗುಮ್ಮಟದ ಒಳಗೆ ಗೋಡೆ, ಛಾವಣಿ ತುಂಬ ಬಣ್ಣದ ಚಿತ್ತಾರ ಇದೆ. ಒಳಗೆ ಕತ್ತಲು. ಅಲ್ಲಿರುವವರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಬಿಟ್ಟು ತೋರಿಸುವುದುಂಟು, ಸಂಜೆಯಾದರೆ ಅದೂ ಇಲ್ಲ. ಈ ಗೋರಿಗೆ ಮುಸ್ಲಿಮರೂ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಅಹ್ಮದ್ ಶಾನನ್ನೇ ಅಲ್ಲಮಪ್ರಭು ಅಂತ ನಂಬುವ ಲಿಂಗಾಯತರೂ ಇದ್ದಾರೆ. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ನಮಗೆ ಉರುಸು ಅಂದರೆ ಜಾತ್ರೆ, ಜಾತ್ರೆಗೆ ಎಲ್ಲರೂ ಹೋಗುತ್ತಾರೆ ಅಲ್ವಾ.

ಸಂಜೆಗೆ ವಿಲಾಸಪುರ ಕೆರೆ. ಅಲ್ಲೇ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ, ರಾತ್ರಿ ಉಳಿಯುವ ಮನಸ್ಸಾದರೆ ಮೊದಲೇ ಬುಕ್ ಮಾಡಿ. ಸುತ್ತ ತೊಗರಿ, ಸೋಯಾ, ಕಡಲೆ ಹೊಲಗಳು. ಕೃಷ್ಣಮೃಗ ಕಂಡರೆ ನಿಮಗೆ ಖುಷಿ, ಬೆಳೆ ಮೇಯಿಸಿಕೊಂಡ ರೈತನ ಹತ್ತಿರ ಮಾತ್ರ ಅವುಗಳನ್ನು ಹೊಗಳಬೇಡಿ.

ಎಳ್ಳ ಅಮಾವಾಸ್ಯೆ ದಿನ ಬರುವುದಾದರೆ ಮೇಲಿನ ಪ್ಲಾನು ಬದಲಾಗುತ್ತದೆ. ಅವತ್ತು ಜನರೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆಯನ್ನು ಹೊಲದಲ್ಲಿ ಚೆಲ್ಲಿ, ಭಜ್ಜಿ (ಕಾಳು, ತರಕಾರಿ ಸೇರಿಸಿ ಮಾಡುವ ಪಲ್ಯ), ಸಜ್ಜಿ ರೊಟ್ಟಿ, ಅಂಬಲಿ ಉಂಡು ಬರುತ್ತಾರೆ. ಅಂಗಡಿ, ಖಾನಾವಳಿ ತೆರೆದಿರುವುದು ಕಷ್ಟ. ಗುರುತಿನವರಿದ್ದರೆ ಮೊದಲೇ ಫೋನ್ ಮಾಡಿ, ಹೊಲಕ್ಕೆ ಕರೆದೊಯ್ಯುತ್ತಾರೆ. ಇಲ್ಲದವರಿಗೆ ನಾನಕ್ ಝೀರಾ ಗುರುದ್ವಾರದ ಲಂಗರ್, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಊಟ, ಇದೆ.