ಹಣ ಕೊಟ್ಟರೆ ಮಾತ್ರ ಪುಸ್ತಕ ಮುಟ್ಟುವ ಮಗ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರು ನಾವು. ಕನ್ನಡ ಮಾಧ್ಯಮದಲ್ಲಿ ಆರನೆಯ ತರಗತಿ ಓದುವ ಮಗ ಮೊದಲೆಲ್ಲ ಕತೆಪುಸ್ತಕಗಳನ್ನು ತಾನಾಗಿಯೇ ಓದುತ್ತಿದ್ದ. ಮುಂದಿನ ವರ್ಷ ಯು.ಎಸ್.ಎಸ್. (ಕೇರಳದ ಏಳನೆಯ ತರಗತಿಯ ವಿದ್ಯಾರ್ಥಿವೇತನ) ಪರೀಕ್ಷೆ ಇದೆಯೆಂದು, ಓದು ಹೆಚ್ಚಲಿ ಎಂಬ ಆಸೆಯಿಂದ, ಪುಸ್ತಕಕ್ಕೆ 20 ರೂಪಾಯಿಯಂತೆ ಕೊಡತೊಡಗಿದೆವು. ಈಗ ಹಣವಿಲ್ಲದೆ ಪುಸ್ತಕ ಮುಟ್ಟುವುದಿಲ್ಲ. ಯಕ್ಷಗಾನ ತರಗತಿಗೆ ಮಾತ್ರ ಯಾರೂ ಹೇಳದೆ ಹೋಗುತ್ತಾನೆ. ಇದು ಸೋಮಾರಿತನವೇ?

ಉತ್ತರ: ಖಂಡಿತ ಅಲ್ಲ. 1973ರಲ್ಲಿ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಅವರು ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನ ಕೊಡುವುದಾಗಿ ಮುಂಚೆಯೇ ಹೇಳಿ ಅವರಿಂದ ಚಿತ್ರ ಬರೆಸಿದರು; ಆ ಮಕ್ಕಳು ಮುಂದೆ ಬಿಡುವಿನ ವೇಳೆಯಲ್ಲಿ ಅದಕ್ಕೆ ಕೊಟ್ಟ ಸಮಯ ಉಳಿದವರದಕ್ಕಿಂತ ಸುಮಾರು ಅರ್ಧದಷ್ಟಾಯಿತು. ಗಮನಿಸಬೇಕಾದುದೆಂದರೆ, ಮುನ್ಸೂಚನೆಯಿಲ್ಲದೆ ಅದೇ ಬಹುಮಾನ ಪಡೆದ ಮಕ್ಕಳಲ್ಲಿ ಆಸಕ್ತಿ ಕುಗ್ಗಲಿಲ್ಲ. ಅಂದರೆ ಕುತ್ತು ತಂದದ್ದು ಬಹುಮಾನವಲ್ಲ, ‘ಇದನ್ನು ಮಾಡಿದರೆ ಅದು ಸಿಗುತ್ತದೆ’ ಎಂಬ ಕರಾರು. ನಿಮ್ಮ ಮಗನ ವಿಷಯದಲ್ಲಿಯೂ ಬಹುಶಃ ಇದೇ ಆಗಿದೆ: ಕತೆಗಾಗಿ ಓದುತ್ತಿದ್ದವನಿಗೆ ಓದು ಕೂಲಿಯ ಕೆಲಸವಾಗಿದೆ.

ಪ್ರೇರಣೆಯ ವಿಷಯ ಬಂದಾಗ ಶಿಕ್ಷಕರ ತರಬೇತಿಗಳಲ್ಲಿ ಮನಶ್ಶಾಸ್ತ್ರಜ್ಞ ಮಾಸ್ಲೊ ಅವರ ಅಗತ್ಯಗಳ ಶ್ರೇಣಿಯನ್ನೇ (ಹಸಿವು, ಸುರಕ್ಷತೆಯಿಂದ ಮೇಲಕ್ಕೆ ಏರುವ ಮನುಷ್ಯನ ಅಗತ್ಯಗಳ ಮೆಟ್ಟಿಲು) ಹೆಚ್ಚಾಗಿ ಹೇಳುತ್ತಾರೆ. ನಿಮ್ಮ ಪ್ರಶ್ನೆಗೆ ಅದು ಅಷ್ಟಾಗಿ ನೆರವಾಗದು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ ಸ್ವನಿರ್ಧಾರ ಸಿದ್ಧಾಂತವು ಒಳಗಿನ ಆಸಕ್ತಿಗೆ ಮೂರು ಆಧಾರಗಳನ್ನು ಗುರುತಿಸುತ್ತದೆ: ತನ್ನ ಇಚ್ಛೆಯಂತೆ ಮಾಡುತ್ತಿದ್ದೇನೆಂಬ ಭಾವ, ನನ್ನಿಂದ ಆಗುತ್ತದೆಂಬ ಅನುಭವ, ಜತೆಯವರೊಂದಿಗಿನ ಆಪ್ತತೆ. ಯಕ್ಷಗಾನ ತರಗತಿಯಲ್ಲಿ ಇವು ಮೂರೂ ಅವನಿಗೆ ಸಿಗುತ್ತಿರಬೇಕು. ಹೋಗುವ ನಿರ್ಧಾರ ಅವನದು, ಕಳೆದ ವಾರ ತಪ್ಪಿದ ಹೆಜ್ಜೆ ಈ ವಾರ ತಾಳಕ್ಕೆ ಕೂಡುತ್ತದೆ, ಜತೆಗೆ ಕುಣಿಯುವ ಗೆಳೆಯರೂ ತಿದ್ದುವ ಗುರುಗಳೂ ಇದ್ದಾರೆ.

ಆದ್ದರಿಂದ ಹಣವನ್ನು ನಿಲ್ಲಿಸಿ, ಆದರೆ ಶಿಕ್ಷೆಯೆಂಬಂತೆ ಅಲ್ಲ. ಕಾರಣವನ್ನು ಅವನಿಗೆ ನೇರವಾಗಿ ತಿಳಿಸಿ. ಕತೆಪುಸ್ತಕವನ್ನು ಯು.ಎಸ್.ಎಸ್. ತಯಾರಿಯಿಂದ ಪೂರ್ತಿ ಬಿಡಿಸಿಬಿಡಿ. ಗ್ರಂಥಾಲಯದಲ್ಲಿ ಆಯ್ಕೆ ಅವನಿಗಿರಲಿ, ಯಕ್ಷಗಾನ ಪ್ರಸಂಗದ ಕತೆಗಳನ್ನೇ ಆರಿಸಿದರೂ ಸರಿ, ಅರ್ಧ ಓದಿ ಬಿಟ್ಟರೂ ಸರಿ. ಕೆಲವು ವಾರ ಅವನು ಏನನ್ನೂ ಓದದಿರಬಹುದು. ಆಗ ಮತ್ತೆ ಹಣದ ಮಾತೆತ್ತಬೇಡಿ.

ಪರೀಕ್ಷೆಯ ಅಭ್ಯಾಸ ಲೆಕ್ಕಗಳಂಥ, ಮೊದಲಿನಿಂದಲೂ ಬೇಸರವೆನಿಸುವ ಕೆಲಸಗಳಿಗೆ ಅಪರೂಪಕ್ಕೊಮ್ಮೆ ಸಣ್ಣ ಬಹುಮಾನ ಕೊಟ್ಟರೆ ಇಷ್ಟು ಹಾನಿಯಿಲ್ಲ, ಏಕೆಂದರೆ ಅಲ್ಲಿ ಕಳೆದುಕೊಳ್ಳಲು ಒಳಗಿನ ಆಸಕ್ತಿಯೇ ಇರುವುದಿಲ್ಲ. ಹೊಗಳುವಾಗಲೂ ‘ನೀನು ಬುದ್ಧಿವಂತ’ ಎನ್ನದೆ, ಲೆಕ್ಕವನ್ನು ಅವನು ಬಿಡಿಸಿದ ದಾರಿಯನ್ನು ಹೆಸರಿಸಿ ಹೇಳಿ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿಗಾಗಿ ಹೊಗಳಿಸಿಕೊಂಡ ಐದನೆಯ ತರಗತಿಯ ಮಕ್ಕಳು ಒಮ್ಮೆ ಸೋತ ಬಳಿಕ, ಶ್ರಮಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಕೂತಾಗ ಅವನಿಗೆ ಬರುವ ಪ್ರಶ್ನೆಗಳಿಂದಲೇ ಆರಂಭಿಸಿ, ಮುಂದಿನ ಕ್ರಮವನ್ನು ಅವನೇ ನಿರ್ಧರಿಸಲಿ.