ಉರಿಯದ ಎಲ್‌ಇಡಿ ಬಲ್ಬನ್ನು ಮನೆಯಲ್ಲೇ ರಿಪೇರಿ ಮಾಡಬಹುದೇ?

ಪ್ರಶ್ನೆ: ನಮ್ಮ ಅಡುಗೆಮನೆಯಲ್ಲಿ ಒಲೆಯ ನೇರ ಮೇಲ್ಗಡೆ ಇರುವ 9 ವ್ಯಾಟ್‌ನ ಎಲ್‌ಇಡಿ ಬಲ್ಬು ನಾಲ್ಕು ದಿನ ಮಿಣುಕಿ, ಈಗ ಪೂರ್ತಿ ಆರಿಹೋಗಿದೆ. ವರ್ಷದೊಳಗೆ ಹೀಗೆ ಕೆಟ್ಟಿರುವ ಎರಡನೆಯ ಬಲ್ಬು ಇದು. ಬಿಳಿಯ ಮುಚ್ಚಳ ತೆಗೆದು ನೋಡಿದರೆ ಹಳದಿ ಚಿಪ್‌ಗಳಲ್ಲಿ ಒಂದರ ಮೇಲೆ ಕಪ್ಪು ಚುಕ್ಕೆ ಬಿದ್ದಿದೆ. ಅದರ ಎರಡೂ ತುದಿಗಳನ್ನು ಬೆಸೆದು ಕೂಡಿಸಿದರೆ ಬಲ್ಬು ಉರಿಯುತ್ತದೆಂದು ನೆರೆಮನೆಯವರು ಹೇಳುತ್ತಾರೆ. ಇದು ಸರಿಯೇ?
(ಓದುಗರೊಬ್ಬರು, ರಾಣೆಬೆನ್ನೂರು)

ಉತ್ತರ: ನಿಮ್ಮ ನೆರೆಮನೆಯವರು ಹೇಳಿದಂತೆ ಬಲ್ಬು ಉರಿಯಬಹುದು. ಚಿಪ್‌ಗಳು ಸಾಮಾನ್ಯವಾಗಿ ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿಕೊಂಡಿರುವುದರಿಂದ ಒಂದು ಸುಟ್ಟು ತುಂಡಾದರೂ ಎಲ್ಲವೂ ಆರುತ್ತವೆ. ಕಪ್ಪು ಚುಕ್ಕೆ ಆ ತುಂಡಾದ ಕೊಂಡಿಯ ಗುರುತು. ಅದನ್ನು ಬೆಸುಗೆಯಿಂದ ದಾಟಿಸಿದರೆ ಬೆಳಕು ತುಸು ತಗ್ಗುತ್ತದೆ. ಆದರೆ ಡ್ರೈವರ್ (ಮನೆಯ ವಿದ್ಯುತ್ತನ್ನು ಎಲ್‌ಇಡಿಗೆ ತಕ್ಕಂತೆ ಹೊಂದಿಸುವ ಸರ್ಕ್ಯೂಟ್) ಭಾಗಗಳೂ ಚಿಪ್‌ಗಳ ತಟ್ಟೆಯ ಮೇಲೆಯೇ ಕೂತಿರುವ ಅಗ್ಗದ ಬಲ್ಬುಗಳಲ್ಲಿ, ಸುಟ್ಟ ಚಿಪ್ ಹೊರುತ್ತಿದ್ದ ವೋಲ್ಟೇಜ್ ವಿದ್ಯುತ್ತಿನ ಹರಿವನ್ನು ಹಿಡಿತದಲ್ಲಿಡುವ ಐಸಿ ಎಂಬ ಪುಟ್ಟ ಬಿಲ್ಲೆಯ ಮೇಲೆ ಬಿದ್ದು ಅದು ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ದಾಟಿಸುವುದಕ್ಕಿಂತ ಅದೇ ಅಳತೆಯ, ಅದೇ ವೋಲ್ಟೇಜಿನ ಚಿಪ್ ಹಾಕಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಅಲ್ಯೂಮಿನಿಯಂ ತಟ್ಟೆ ಶಾಖವನ್ನು ಎಳೆದುಕೊಳ್ಳುವುದರಿಂದ ಸಣ್ಣ ಸೋಲ್ಡರಿಂಗ್ ಐರನ್‌ನಿಂದ ಈ ಕೆಲಸ ಸುಲಭವಾಗದು; ಕೆಳಗಿನಿಂದ ತಟ್ಟೆಯನ್ನೇ ಬಿಸಿಮಾಡಬಲ್ಲ ರಿಪೇರಿಯವರಿಗೆ ಒಪ್ಪಿಸಿರಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಂಥ ಬಲ್ಬುಗಳ ಡ್ರೈವರ್‌ನಲ್ಲಿ ಸಾಮಾನ್ಯವಾಗಿ ವಿದ್ಯುತ್ತನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲವಾದ್ದರಿಂದ, ಮುಚ್ಚಳವಿಲ್ಲದ ಬಲ್ಬನ್ನು ಹೋಲ್ಡರಿಗೆ ಹಾಕಿ ಸ್ವಿಚ್ ಒತ್ತಿದರೆ ಆ ಚಿಪ್‌ಗಳನ್ನು ಮುಟ್ಟುವುದೂ 230 ವೋಲ್ಟ್‌ನ ತಂತಿಯನ್ನು ಮುಟ್ಟುವುದೂ ಒಂದೇ. ಹೋಲ್ಡರಿನಿಂದ ತೆಗೆದ ಮೇಲೂ, ವಿದ್ಯುತ್ತನ್ನು ತನ್ನಲ್ಲಿ ಕೂಡಿಡುವ ಭಾಗವಾದ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಮಲ್ಟಿಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳದೆ ಬೆರಳಿಡಬೇಡಿರಿ, ಮಕ್ಕಳ ಕೈಗಂತೂ ಕೊಡಲೇಬೇಡಿರಿ.

ಇಷ್ಟಾದರೂ ಮೂಲ ಕಾರಣ ಹಾಗೇ ಉಳಿಯುತ್ತದೆ. ದಿನವೂ ರೊಟ್ಟಿ ಬೇಯಿಸುವಾಗ ಹಂಚಿನಿಂದ ಏಳುವ ಬಿಸಿಗಾಳಿ ಮತ್ತು ಜಿಡ್ಡಿನ ಹೊಗೆ ನೇರವಾಗಿ ಆ ಬಲ್ಬಿಗೇ ತಾಗುತ್ತಿದ್ದು, ತನ್ನ ಶಾಖವನ್ನೇ ಹೊರಹಾಕಲು ಹೆಣಗುವ ಎಲ್‌ಇಡಿಗೆ ಅದು ದೊಡ್ಡ ಹೊರೆ. ಡ್ರೈವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಷ್ಯ, ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಕೆಪಾಸಿಟರ್ ಉಬ್ಬಿದ್ದರೆ ಚಿಪ್‌ನ ಜೊತೆಗೆ ಅದನ್ನೂ ಬದಲಿಸಬೇಕಾದೀತು.

ಹೋಲ್ಡರನ್ನು ಒಲೆಯಿಂದ ಮೂರು ನಾಲ್ಕು ಅಡಿ ಪಕ್ಕದ ಗೋಡೆಗೆ ಸರಿಸಿರಿ. ಹಾಗೆ ಸರಿಸುವಾಗ ಮೇನ್ ಸ್ವಿಚ್ ಆರಿಸಿ, ಹೋಲ್ಡರಿನೊಳಗಿನ ಸ್ಪ್ರಿಂಗ್ ಪಿನ್ನುಗಳು ಕಪ್ಪಾಗಿವೆಯೇ, ಸಡಿಲಾಗಿವೆಯೇ ಎಂದು ನೋಡಿರಿ; ಆಗಿದ್ದರೆ ಹೊಸ ಹೋಲ್ಡರನ್ನೇ ಹಾಕಿಸಿರಿ. ಮೊದಲ ದಿನಗಳ ಮಿಣುಕಿಗೆ ಅದೂ ಒಂದು ಕಾರಣವಾಗಿರಬಹುದು.